ಇನ್ನೂರ ಹನ್ನೆರಡು ಮೆಟ್ಟಿಲ ಕೆಳಗೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಇಪ್ಪತ್ತನಾಲ್ಕು ವರ್ಷ ಮೈಕಿನಲ್ಲಿ ಸಾರಿದ್ದಾಳೆ. ಮನೆಯೊಳಗೆ ಹೇಳಿದ್ದರೆ ಗಂಡಹೆಂಡಿರ ಮಾತು ಎಂದು ಬಿಟ್ಟುಬಿಡಬಹುದಿತ್ತು. ಅವಳು ಹೇಳುತ್ತಿದ್ದುದು ನಲವತ್ತು ಜನ ಅಪರಿಚಿತರ ಎದುರಿಗೆ, ದಿನಾ ಬೆಳಗ್ಗೆ ಒಂಬತ್ತೂ ಹತ್ತಕ್ಕೆ, ನಮ್ಮ ಪ್ರವಾಸಿ ಬಸ್ಸು ನಿಲ್ದಾಣದ ಗೇಟು ದಾಟುವ ಹೊತ್ತಿಗೆ.

"ಎಲ್ಲರಿಗೂ ನಮಸ್ಕಾರ. ನಾನು ಇವತ್ತಿನ ನಿಮ್ಮ ಗೈಡು. ಅಲ್ಲಿ ಕೂತಿರೋರು ನಮ್ಮ ಡ್ರೈವರ್ರು. ಅವರಿಗೆ ಕೋಪ ಮೂಗಿನ ತುದೀಲಿ, ಬ್ರೇಕು ಕಾಲಿನ ತುದೀಲಿ. ಎರಡೂ ಚೆನ್ನಾಗಿ ಕೆಲಸ ಮಾಡ್ತವೆ, ಹೆದರ್ಕೋಬೇಡಿ."

ಎಲ್ಲರೂ ನಗುತ್ತಿದ್ದರು. ನಾನು ಕನ್ನಡಿಯಲ್ಲಿ ಮುಖ ಗಂಟಿಕ್ಕಿ ತೋರಿಸುತ್ತಿದ್ದೆ. ಆಗ ಇನ್ನೊಮ್ಮೆ ನಗುತ್ತಿದ್ದರು. ಹೀಗೆ ನಮ್ಮ ದಿನ ಶುರುವಾಗುತ್ತಿತ್ತು.

ನಾವು ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ಹೇಳಬೇಕು. ಅವಳ ಸೀಟು ಇಂಜಿನ್ನಿನ ಪಕ್ಕ, ಹಿಂದಕ್ಕೆ ಮುಖ ಮಾಡಿಕೊಂಡಿರುವ ಒಂದು ಸಣ್ಣ ಸೀಟು. ಅಂದರೆ ಮುಂದಿನ ರಸ್ತೆ ಅವಳ ಬೆನ್ನ ಹಿಂದೆ. ಬಸ್ಸು ಎಲ್ಲಿಗೆ ಬಂತು ಎನ್ನುವುದು ಅವಳಿಗೆ ನನ್ನ ಗೇರಿನಿಂದಲೇ ತಿಳಿಯಬೇಕು. ನಾನು ಮೂರನೇ ಗೇರಿಗೆ ಇಳಿಸಿ ಸ್ವಲ್ಪ ಬಲಕ್ಕೆ ಎಳೆದರೆ ಗಡಿಯಾರದ ಗೋಪುರ ಬಂತು ಎಂದು ಅರ್ಥ. ಕೂಡಲೇ "ಎಡಗಡೆ ಕಿಟಕಿಯವರು ತಲೆ ಎತ್ತಿ ನೋಡಿ" ಎನ್ನುತ್ತಿದ್ದಳು. ಎರಡನೇ ಗೇರು, ಜೊತೆಗೆ ಒಂದು ಕುಲುಕಾಟ ಎಂದರೆ ಹಳೇ ಸೇತುವೆ. ಅವಳು ಊರನ್ನು ತಿರುಗಿ ನೋಡದೆ ವರ್ಣಿಸುತ್ತಿದ್ದಳು, ನಾನು ರಸ್ತೆಯಿಂದ ಕಣ್ಣು ಕೀಳದೆ ಕೇಳುತ್ತಿದ್ದೆ. ಊರು ತೋರಿಸುವ ಇಬ್ಬರೂ ಊರನ್ನು ನೋಡುತ್ತಿರಲಿಲ್ಲ. ಅರಮನೆಯ ಕನ್ನಡಿ ಕೋಣೆ, ವಸ್ತುಸಂಗ್ರಹಾಲಯದ ಸೋರುವ ದೋಣಿ, ಕೆರೆಯ ನಡುವಿನ ಒಂಟಿ ಮಂಟಪ, ಎಲ್ಲವನ್ನೂ ನಾನು ಕಿವಿಯಲ್ಲೇ ನೋಡಿದವನು.

ಜಲಪಾತವನ್ನು ಮಾತ್ರ ಕಿವಿಯಲ್ಲೂ ನೋಡಿರಲಿಲ್ಲ. ಅದು ದಿನದ ಕೊನೆಯ ಜಾಗ. ಬಸ್ಸು ಮೇಲೆ ನಿಲ್ಲುತ್ತದೆ, ಜನ ಇನ್ನೂರ ಹನ್ನೆರಡು ಮೆಟ್ಟಿಲು ಇಳಿದು ಹೋಗಬೇಕು. ಜನರ ಸಾಮಾನು ಬಸ್ಸಿನಲ್ಲೇ ಇರುವುದರಿಂದ ಡ್ರೈವರು ಬಸ್ಸು ಬಿಟ್ಟು ಕದಲಬಾರದು. ಅವಳು ಗುಂಪನ್ನು ಕರೆದುಕೊಂಡು ಇಳಿಯುತ್ತಿದ್ದಳು. ನಾನು ಗಾಜು ಒರೆಸಿ, ಪಕ್ಕದ ಬಸ್ಸಿನ ಡ್ರೈವರು ಮೀಸೆಯ ಜೊತೆ ಚಹಾ ಕುಡಿಯುತ್ತಿದ್ದೆ. ಮೀಸೆಗೆ ಈಗ ಮೀಸೆ ಇಲ್ಲ, ಹೆಸರು ಮಾತ್ರ ಉಳಿದುಕೊಂಡಿದೆ. ಸರಿಯಾಗಿ ಇಪ್ಪತ್ತೈದು ನಿಮಿಷಕ್ಕೆ ನಾನು ಬಸ್ಸು ಹತ್ತಿ ಮೂರು ಸಲ ಉದ್ದಕ್ಕೆ ಹಾರ್ನ್ ಹೊಡೆಯುತ್ತಿದ್ದೆ. ಇನ್ನು ಹತ್ತು ನಿಮಿಷದಲ್ಲಿ ನನ್ನ ಜನ ಏದುಸಿರು ಬಿಡುತ್ತಾ ಮೇಲೆ ಹಾಜರು. ಬೇರೆ ಬಸ್ಸಿನವರು ತಮ್ಮವರಿಗಾಗಿ ಕಾದು ಕಾದು ಸುಸ್ತಾಗುತ್ತಿದ್ದರು.

ಈ ಹಾರ್ನಿನ ವಿಷಯದಲ್ಲಿ ನನಗೆ ಕೋಡು ಮೂಡಿತ್ತು ಎಂದೇ ಹೇಳಬೇಕು. ಕಂಪನಿ ಕೊಟ್ಟ ಹಾರ್ನ್ ಸಾಲದೆಂದು ನಾನೇ ಜೋಡಿ ಕೊಳವೆಯ ದೊಡ್ಡದೊಂದನ್ನು ತಂದು ಹಾಕಿಸಿದ್ದೆ. "ಹಾರ್ನ್ ಅಂದ್ರೆ ಇದು ಕಣೋ," ಎಂದು ಮೀಸೆಯ ಮುಂದೆ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಅವಳು ಎಲ್ಲರಿಗಿಂತ ಕೊನೆಗೆ ಹತ್ತಿ ಬಂದು ತನ್ನ ಸೀಟಿನಲ್ಲಿ ಕೂತು ಒಂದು ಬಾಟಲಿ ನೀರನ್ನು ಒಂದೇ ಗುಟುಕಿಗೆ ಕುಡಿಯುತ್ತಿದ್ದಳು.

"ನೋಡಿದ್ಯಾ ನನ್ನ ಹಾರ್ನಿನ ಪ್ರತಾಪ?" ಎಂದು ನಾನು ದಿನಾ ಕೇಳುತ್ತಿದ್ದೆ.

ಅವಳು ಹೌದೆಂದು ತಲೆ ಆಡಿಸಿ ನಗುತ್ತಿದ್ದಳು. ಆಮೇಲೆ ಒಂದು ಹತ್ತು ನಿಮಿಷ ಮಾತೇ ಇಲ್ಲ. ಮೆಟ್ಟಿಲು ಹತ್ತಿದ ಆಯಾಸ ಎಂದುಕೊಂಡಿದ್ದೆ.

ಹೋದ ವರ್ಷ ಅವಳ ದನಿ ಒಡೆಯತೊಡಗಿತು. ಮೊದಲು ಸಂಜೆ ಮಾತ್ರ, ಆಮೇಲೆ ಮಧ್ಯಾಹ್ನ, ಆಮೇಲೆ ಬೆಳಗ್ಗೆ "ನಮಸ್ಕಾರ" ಎನ್ನುವಾಗಲೇ. ಬಿಸಿನೀರು, ಉಪ್ಪುನೀರು, ಜೇನುತುಪ್ಪ, ಯಾರು ಏನು ಹೇಳಿದರೋ ಎಲ್ಲ ಆಯಿತು. ಕೊನೆಗೆ ನಾನೇ ರೇಗಾಡಿ ಎಳೆದುಕೊಂಡು ಹೋಗಿ ಗಂಟಲಿನ ಡಾಕ್ಟರಿಗೆ ತೋರಿಸಿದೆ. ಧ್ವನಿ ಹೊರಡಿಸುವ ತಂತುಗಳ ಮೇಲೆ ಗಂಟು ಕಟ್ಟಿದೆ, ತೆಗೆಯಬೇಕು ಎಂದರು.

"ಜೋರಾಗಿ ಕೂಗೋ ಕೆಲಸವಾ ನಿಮ್ದು?" ಎಂದು ಡಾಕ್ಟರು ಅವಳನ್ನು ಕೇಳಿದರು.

"ಕೂಗೋದೇನಿಲ್ಲ ಡಾಕ್ಟ್ರೇ, ಮೈಕಿದೆ," ಎಂದು ಅವಳ ಪರವಾಗಿ ನಾನು ಉತ್ತರ ಕೊಟ್ಟೆ. ಅವಳು ನೆಲ ನೋಡುತ್ತಾ ಕೂತಿದ್ದಳು. ನಾನು ಅದನ್ನು ಭಯ ಎಂದುಕೊಂಡೆ.

ಆಪರೇಷನ್ ಸರಿಯಾಗಿಯೇ ಆಯಿತು. ಆದರೆ ಮೂವತ್ತು ದಿನ ಒಂದಕ್ಷರ ಆಡುವಂತಿಲ್ಲ, ಪಿಸುಮಾತೂ ಕೂಡದು, ಮೂವತ್ತೊಂದನೇ ದಿನ ಮೆಲ್ಲಗೆ ಶುರು ಮಾಡಬೇಕು ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು. ಅವಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನಾನೊಬ್ಬನೇ ಮತ್ತೆ ಒಳಗೆ ಹೋದೆ.

"ಮೊದಲಿನ ಹಾಗೆ ಬರುತ್ತಲ್ವಾ ಡಾಕ್ಟ್ರೇ?"

"ಎಷ್ಟು ಬರುತ್ತೆ ಅಂತ ಈಗ್ಲೇ ಹೇಳಕ್ಕಾಗಲ್ಲ. ತುಂಬಾ ವರ್ಷದ ಪೆಟ್ಟು ಅದು. ಬಂದಷ್ಟು ಬರುತ್ತೆ. ಬರದೇನೂ ಇರಬಹುದು."

ಹೊರಗೆ ಬಂದು ಅವಳಿಗೆ "ಎಲ್ಲ ಸರಿಹೋಗುತ್ತಂತೆ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಇಪ್ಪತ್ತನಾಲ್ಕು ವರ್ಷ ಜನರ ಮುಖಕ್ಕೆ ಮುಖ ಕೊಟ್ಟು ಕೂತು ಬಂದವಳಿಗೆ ಸುಳ್ಳು ಹೇಳುವುದು ಸುಲಭವಲ್ಲ.

ನಮ್ಮದು ಸೈಕಲ್ ಅಂಗಡಿಯ ಮಹಡಿಯ ಮೇಲಿನ ಎರಡು ಕೋಣೆಯ ಮನೆ. ನಾವಿಬ್ಬರೇ. ಮಕ್ಕಳಾಗಲಿಲ್ಲ, ಅದಕ್ಕೆ ಅತ್ತದ್ದೆಲ್ಲ ಎಂದೋ ಮುಗಿದಿದೆ. ಆ ಮನೆಯಲ್ಲಿ ಮಾತೆಲ್ಲ ಅವಳದೇ ಆಗಿತ್ತು ಎಂದು ನನಗೆ ಗೊತ್ತಾದದ್ದು ಆ ಮೂವತ್ತು ದಿನಗಳಲ್ಲಿ. ಒಂದು ಸ್ಲೇಟು ತಂದುಕೊಟ್ಟೆ. ಅವಳು ಅದರಲ್ಲಿ ಬರೆಯುತ್ತಿದ್ದಳು, ನಾನು ಓದುತ್ತಿದ್ದೆ. ಬರೆಯುವವಳ ಜೊತೆ ಜಗಳವಾಡುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು. ನಾನು ಕೂಗಾಡಿ ಮುಗಿಸಿ ಸೊಂಟದ ಮೇಲೆ ಕೈಯಿಟ್ಟು ಕಾಯಬೇಕು, ಅವಳು ನಿಧಾನವಾಗಿ ದುಂಡಗೆ ಬರೆದು, ಅಡಿಗೆರೆ ಎಳೆದು, ಸ್ಲೇಟು ತಿರುಗಿಸಬೇಕು. ಅಷ್ಟರಲ್ಲಿ ನನ್ನ ಕೋಪ ಇಳಿದಿರುತ್ತಿತ್ತು. ಒಮ್ಮೆ ಐದು ನಿಮಿಷ ಬರೆದು ತಿರುಗಿಸಿದರೆ ಅದರಲ್ಲಿ ಇದ್ದದ್ದು "ಅಂಗಿ ತಿರುಗುಮುರುಗು ಹಾಕಿದ್ದೀರಿ" ಎಂದು.

ನಕ್ಕೆ. ಆದರೆ ದೀಪ ಆರಿಸಿ ಮಲಗಿದರೆ ಸ್ಲೇಟೂ ಕಾಣುವುದಿಲ್ಲ. ಪಕ್ಕದಲ್ಲೇ ಇರುವವಳು ಎಲ್ಲೋ ದೂರ ಹೋದಂತೆ ಅನ್ನಿಸುತ್ತಿತ್ತು. ಹೇಳಿಬಿಡುತ್ತೇನೆ, ನನಗೆ ಹೆದರಿಕೆಯಾಗಿತ್ತು. ಅವಳ ದನಿ ಇನ್ನು ಕೇಳದೇ ಹೋದರೆ ಈ ಮನೆಯಲ್ಲಿ ನಾನು ಹೇಗೆ ಇರುವುದು ಎಂಬ ಒಂದೇ ಯೋಚನೆ.

ಕಂಪನಿಯವರು ಅವಳ ಜಾಗಕ್ಕೆ ರೆಕಾರ್ಡ್ ಮಾಡಿದ ದನಿ ಹಾಕುತ್ತೇವೆ ಎಂದರು. ನಾನು ಒಪ್ಪಲಿಲ್ಲ. ಆ ಬಸ್ಸಿನಲ್ಲಿ ಬೇರೆ ದನಿ ಬಂದರೆ ಅವಳದು ಇನ್ನಿಲ್ಲ ಎಂದು ನಾವೇ ತೀರ್ಮಾನ ಮಾಡಿದ ಹಾಗೆ.

"ಒಂದು ತಿಂಗಳು ನಾನೇ ಮಾತಾಡ್ತೀನಿ, ನಾನೇ ಓಡಿಸ್ತೀನಿ," ಎಂದೆ.

"ನಿಮಗೆ ಬರುತ್ತೇನ್ರೀ?" ಎಂದು ಮ್ಯಾನೇಜರು ಕೇಳಿದರು.

"ಅಕ್ಷರ ಅಕ್ಷರ ಬಾಯಿಪಾಠ ಇದೆ."

ತೊಂದರೆಯಾದದ್ದೇ ಅಲ್ಲಿ. ಮೊದಲ ದಿನ ಮೈಕನ್ನು ಕಾಲರಿಗೆ ಸಿಕ್ಕಿಸಿಕೊಂಡು, ಗೇರಿಗೆ ತಕ್ಕಂತೆ ಒಂದೊಂದೇ ಜಾಗ ಒಪ್ಪಿಸುತ್ತಾ ಹೋದೆ. ಗಡಿಯಾರದ ಗೋಪುರ ಆಯಿತು, ಸೇತುವೆ ಆಯಿತು. ಕೆರೆ ಏರಿಗೆ ಬಂದಾಗ ಗಂಭೀರವಾಗಿ ಹೇಳಿದೆ: "ನಾನು ಈ ಊರಿಗೆ ಸೊಸೆಯಾಗಿ ಬಂದ ವರ್ಷ ಈ ಕೆರೆ ತುಂಬಿ ರಸ್ತೆ ಮೇಲೆ ಹರೀತಿತ್ತು."

ಆಮೇಲೆ ಹಿಂದಿನ ಸೀಟಿನ ಅಜ್ಜಿಯೊಬ್ಬರು ಕೇಳಿದರು: "ಅತ್ತೆ ಹೇಗಪ್ಪಾ, ಒಳ್ಳೇರಾ?"

ಬಸ್ಸಿಗೆ ಬಸ್ಸೇ ಬಿದ್ದು ಬಿದ್ದು ನಕ್ಕಿತು. ನಾನು ನಾಲಿಗೆ ಕಚ್ಚಿಕೊಂಡೆ. ಆ ಸಂಜೆ ಇದನ್ನು ಅವಳಿಗೆ ಹೇಳಿದಾಗ ಅವಳು ಬಾಯಿಗೆ ಸೆರಗು ತುರುಕಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ, ದನಿಯಿಲ್ಲದೆ ನಕ್ಕಳು. ಆದರೆ ಆ ದಿನ ನಡೆದ ಇನ್ನೊಂದು ಸಂಗತಿಯನ್ನು ಅವಳಿಗೆ ಹೇಳಲಿಲ್ಲ.

ಅವಳಿಲ್ಲದ ಮೇಲೆ ಗುಂಪನ್ನು ಕರೆದುಕೊಂಡು ಮೆಟ್ಟಿಲಿಳಿಯುವ ಕೆಲಸವೂ ನನ್ನದೇ ಆಗಿತ್ತು. ಬಸ್ಸನ್ನು ಮೀಸೆಗೆ ಒಪ್ಪಿಸಿ, ಇಪ್ಪತ್ತೈದು ನಿಮಿಷಕ್ಕೆ ಮೂರು ಹಾರ್ನ್ ಹೊಡಿ ಎಂದು ಹೇಳಿ ಇಳಿದೆ. ಮೆಟ್ಟಿಲು ಗುಡ್ಡವನ್ನು ಬಳಸಿಕೊಂಡು ಇಳಿಯುತ್ತದೆ. ನಡುವೆ ಒಂದು ತಿರುವಿನಲ್ಲಿ ಕಲ್ಲಿನ ಬೆಂಚಿದೆ. ಆ ತಿರುವಿನವರೆಗೆ ಒಂದು ಗುಂಯ್ ಎನ್ನುವ ಸದ್ದು, ಅಷ್ಟೆ. ತಿರುವು ದಾಟಿದರೆ ಸದ್ದು ಮೈಮೇಲೆ ಬಂದು ಬೀಳುತ್ತದೆ. ಕೆಳಗೆ ಹೋಗಿ ನಿಂತಾಗ ನನಗೆ ನನ್ನ ಕೆಮ್ಮೇ ಕೇಳಿಸಲಿಲ್ಲ. ನೀರು ಅಷ್ಟೆತ್ತರದಿಂದ ಒಂದೇ ಸಮನೆ ಬೀಳುತ್ತಿತ್ತು, ಬಂಡೆಗಳ ಮೇಲೆ ಜನ ಅಲ್ಲಲ್ಲಿ ಚೆದುರಿ ಫೋಟೊ ತೆಗೆಯುತ್ತಿದ್ದರು. ಇಪ್ಪತ್ತನಾಲ್ಕು ವರ್ಷ ಮೇಲೆ ಕೂತು ಚಹಾ ಕುಡಿದ ನನ್ನನ್ನು ನಾನೇ ಬೈದುಕೊಂಡೆ.

ಇಪ್ಪತ್ತೈದು ನಿಮಿಷವಾಯಿತು. ಹಾರ್ನಿಲ್ಲ. ಮೂವತ್ತು, ನಲವತ್ತು. ನನ್ನ ತಲೆ ಕಾದು ಕೆಂಡವಾಯಿತು. ಒಬ್ಬೊಬ್ಬರನ್ನೂ ಭುಜ ಮುಟ್ಟಿ ಕರೆದು, ಎಲ್ಲರನ್ನೂ ಹೊರಡಿಸಿ ಮೇಲೆ ಬರುವ ಹೊತ್ತಿಗೆ ಒಂದು ಗಂಟೆ ದಾಟಿತ್ತು. ಮೀಸೆಯ ಮೇಲೆ ಹರಿಹಾಯ್ದೆ.

"ನಿದ್ದೆ ಹೊಡಿತಿದ್ಯಾ?"

"ಮೂರಲ್ಲ ಮಾರಾಯಾ, ಮೂವತ್ತು ಸಲ ಹೊಡ್ದೆ!" ಎಂದು ಅವನು ಒತ್ತಿ ಒತ್ತಿ ಕೆಂಪಾದ ಹೆಬ್ಬೆಟ್ಟು ತೋರಿಸಿದ. "ಆ ಚಹಾ ಅಂಗಡಿಯವನು ನನ್ನ ಹೊಡಿಯಕ್ಕೆ ಬಂದಿದ್ದ. ಬೇಕಾದ್ರೆ ಕೇಳು."

ನಂಬಲಿಲ್ಲ. ಮರುದಿನ ಇಬ್ಬರ ಗಡಿಯಾರವನ್ನೂ ಒಂದೇ ಸಮಯಕ್ಕೆ ಇಟ್ಟು ಇಳಿದೆ. ಆ ನಿಮಿಷಕ್ಕೆ ಕೆಳಗೆ ಕಿವಿ ನಿಮಿರಿಸಿ ನಿಂತೆ. ನೀರಿನ ಸದ್ದು ಬಿಟ್ಟರೆ ಒಂದು ಸೊಳ್ಳೆಯ ಸದ್ದೂ ಇಲ್ಲ. ನನ್ನ ಮುಖ ನೋಡಿ ಅಲ್ಲಿನ ಕಾವಲುಗಾರ ಹತ್ತಿರ ಬಂದ. ವಯಸ್ಸಾದವನು, ಬೇಲಿ ದಾಟುವವರನ್ನು ತಡೆಯುವುದು ಅವನ ಕೆಲಸ. ಬಂಡೆಯ ಮರೆಯಲ್ಲಿದ್ದ ತನ್ನ ಗೂಡಿನೊಳಗೆ ನನ್ನನ್ನು ಎಳೆದುಕೊಂಡು ಹೋಗಿ ಬಾಗಿಲು ಹಾಕಿದ. ಅಲ್ಲಿ ಕೂಗಿದರೆ ಮಾತು ಕೇಳಿಸುತ್ತಿತ್ತು.

"ಏನು ಹುಡುಕ್ತಿದ್ದೀರಾ?"

"ಹಾರ್ನು! ಮೇಲಿಂದ ಹಾರ್ನ್ ಹೊಡಿತಾರಲ್ಲ, ಅದು."

"ಯಾವ ಹಾರ್ನು? ನಾನಿಲ್ಲಿ ಮೂವತ್ತು ವರ್ಷದಿಂದ ಇದ್ದೀನಿ. ಒಂದು ದಿನಾನೂ ಕೇಳಿಲ್ಲ."

"ಮತ್ತೆ ನಮ್ಮ ಬಸ್ಸಿನ ಜನ ಹೇಗೆ ಟೈಮಿಗೆ ಮೇಲೆ ಬರ್ತಿದ್ರು?"

"ಓ, ಆ ಗೈಡಮ್ಮನ ಬಸ್ಸಾ! ಅವರು ಕೂಗ್ತಿದ್ರಲ್ಲ. ಒಂದೊಂದು ಬಂಡೆ ಹತ್ರಾನೂ ಹೋಗಿ, ಬಾಯಿಗೆ ಕೈ ಅಡ್ಡ ಇಟ್ಕೊಂಡು, ಗಂಟಲು ಹರಿಯೋ ಹಾಗೆ. ಈಚೆಗೆ ಕೂಗಿ ಕೂಗಿ ಕೆಮ್ಮು ಹತ್ತಿ ಇಲ್ಲೇ ಕೂತ್ಬಿಡೋರು. ನಾನು ನೀರು ಕೊಡ್ತಿದ್ದೆ. ಯಾಕೆ ಬರ್ತಾ ಇಲ್ಲ ಈಗ? ಹುಷಾರಾಗಿದ್ದಾರಾ?"

ಬರ್ತಾರೆ ಎಂದಷ್ಟೇ ಹೇಳಿ ಗೂಡಿನಿಂದ ಹೊರಗೆ ಬಂದೆ. ವಾರಕ್ಕೆ ಆರು ದಿನ, ಇಪ್ಪತ್ತನಾಲ್ಕು ವರ್ಷ. ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟೆ. ಮೈಕಿದೆ ಡಾಕ್ಟ್ರೇ, ಎಂದಿದ್ದೆನಲ್ಲ. ಆ ಮಾತು ಆಡಿದ ನನ್ನ ಬಾಯಿಗೆ ನಾನೇ ಎರಡು ಬಾರಿಸಬೇಕು ಅನ್ನಿಸಿತು.

ಮೂರನೇ ದಿನ ದೊಡ್ಡದೊಂದು ಕೆಂಪು ಕೊಡೆ ತೆಗೆದುಕೊಂಡು ಹೋದೆ. ಕೊಡೆ ಬಿಚ್ಚಿ ಎತ್ತಿ ಹಿಡಿದರೆ ಹೊರಡುವ ಸಮಯ ಎಂದು ಬಸ್ಸಿನಲ್ಲೇ ಎಲ್ಲರಿಗೂ ಹೇಳಿದ್ದೆ. ಎತ್ತಿ ಹಿಡಿದೆ. ಎಲ್ಲರೂ ಬಂದರು. ಅಷ್ಟೇ. ಒಂದು ಕೊಡೆಯಿಂದ ಮುಗಿಯುವ ಕೆಲಸ. ಒಂದೇ ಒಂದು ದಿನ ನಾನು ಬಸ್ಸು ಬಿಟ್ಟು ಕೆಳಗಿಳಿದಿದ್ದರೆ ಅದು ಯಾವತ್ತೋ ಹೊಳೆಯುತ್ತಿತ್ತು. ಅವತ್ತು ಮೆಟ್ಟಿಲು ಹತ್ತುವಾಗ, ಬೆವರು ಒರೆಸುವ ನೆಪದಲ್ಲಿ ಅತ್ತೆ.

ಮನೆಗೆ ಹೋಗಿ ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆ. ಅವಳು ಸ್ಲೇಟಿನಲ್ಲಿ "ಏನು?" ಎಂದು ಬರೆಯುತ್ತಿದ್ದಳು. ನಾನು "ಏನಿಲ್ಲ, ಚಹಾ ಆರಿತು" ಎನ್ನುತ್ತಿದ್ದೆ. ತಿರುಗಿ ಬೈಯಲಾಗದವಳ ಎದುರು ತಪ್ಪೊಪ್ಪಿಕೊಳ್ಳುವುದು ಸರಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ನನಗೆ ಧೈರ್ಯ ಸಾಲಲಿಲ್ಲ.

ಮೂವತ್ತೊಂದನೇ ದಿನ ಬೆಳಗ್ಗೆ ನಾನೇ ಮೊದಲು ಎದ್ದು ಚಹಾ ಮಾಡಿ, ಅಡುಗೆಮನೆಯ ಮೇಜಿನ ಮುಂದೆ ಪರೀಕ್ಷೆಗೆ ಕೂತವನಂತೆ ಕೂತೆ. ಅವಳು ಬಂದಳು, ಕೂತಳು, ಚಹಾ ಊದಿ ಊದಿ ಕುಡಿದಳು.

"ಇವತ್ತಿಂದ ಮಾತಾಡಬಹುದಲ್ಲ," ಎಂದೆ.

ತಲೆ ಆಡಿಸಿದಳು.

"ಏನಾದ್ರೂ ಹೇಳು. ಬೈಯಿ ಬೇಕಾದ್ರೆ."

ಅವಳು ಲೋಟ ಕೆಳಗಿಟ್ಟು ಸ್ಲೇಟು ಎಳೆದುಕೊಂಡಳು. "ಆಮೇಲೆ. ನಾನೂ ಇವತ್ತು ಬಸ್ಸಿಗೆ ಬರ್ತೀನಿ" ಎಂದು ಬರೆದಳು. ಬರೆಯುವಾಗ ಎಷ್ಟು ಒತ್ತಿದಳೆಂದರೆ ಬಳಪ ಮುರಿಯಿತು. ನನಗೆ ರೇಗಲಿಲ್ಲ. ಹೆದರಿಕೆ ನನ್ನೊಬ್ಬನದೇ ಅಲ್ಲ ಎಂದು ಆಗ ತಿಳಿಯಿತು.

ಗೈಡಿನ ನೀಲಿ ಕೋಟು ಹಾಕಿಕೊಂಡು ಬಂದು ತನ್ನ ಸೀಟಿನಲ್ಲೇ ಕೂತಳು. ಜನ ಅವಳನ್ನು ನೋಡಿ ಮಾತಿಗಾಗಿ ಕಾದರು. ನಾನು ಕಾಲರಿನ ಮೈಕಿನಲ್ಲಿ ಶುರು ಮಾಡಿದೆ. ಕನ್ನಡಿಯಲ್ಲಿ ಅವಳ ತುಟಿಗಳು ನನ್ನ ಜೊತೆ ಜೊತೆಗೇ ಅಲುಗುತ್ತಿದ್ದವು. ಅರಮನೆಯ ಹತ್ತಿರ ನಾನು ರಾಜನ ತಮ್ಮನನ್ನು ಅಣ್ಣ ಮಾಡಿಬಿಟ್ಟೆ. ಅವಳು ಹಣೆ ಚಚ್ಚಿಕೊಂಡಳು. ಎಲ್ಲ ಮೊದಲಿನಂತೆಯೇ ಇತ್ತು, ಅವಳ ದನಿ ಒಂದು ಬಿಟ್ಟು.

ಜಲಪಾತಕ್ಕೆ ಬಂದಾಗ ಬಸ್ಸನ್ನು ಮೀಸೆಗೆ ಒಪ್ಪಿಸಿ ನಾನೂ ಅವಳೂ ಗುಂಪಿನ ಹಿಂದೆ ಇಳಿದೆವು. ತಿಂಗಳಿಡೀ ಮನೆಯಲ್ಲಿದ್ದ ಕಾಲು, ಹಾಗಾಗಿ ಅವಳು ನನ್ನ ಕೈ ಹಿಡಿದಿದ್ದಳು. ನಾನು ಈಗ ಈ ಜಾಗ ಬಲ್ಲವನು ಎಂದುಕೊಂಡಿದ್ದೆ. ಅವಳು ನನ್ನ ತೋಳು ಎಳೆದು ನೀರಿನ ಬಲಪಕ್ಕಕ್ಕೆ ಬೆರಳು ಮಾಡಿದಳು. ಮೊದಲು ನನಗೆ ಏನೂ ಕಾಣಲಿಲ್ಲ. ಆಮೇಲೆ ಒಂದು ಸಣ್ಣ ಕಪ್ಪು ಹಕ್ಕಿ ಬಾಣದಂತೆ ಬಂದು ಬೀಳುವ ನೀರಿನೊಳಕ್ಕೇ ನುಗ್ಗಿತು. ಸತ್ತಿತು ಎಂದುಕೊಂಡೆ. ಇನ್ನೊಂದು ನುಗ್ಗಿತು. ಸ್ವಲ್ಪ ಹೊತ್ತಿಗೆ ಒಂದು ಹೊರಗೆ ಹಾರಿ ಬಂತು. ಅವಳು ಎರಡು ಕೈ ಸೇರಿಸಿ ಬಟ್ಟಲು ಮಾಡಿ ತೋರಿಸಿದಳು: ಒಳಗೆ ಗೂಡಿದೆ. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಇಪ್ಪತ್ತೈದು ದಿನ ಬಂದು ಹೋದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇಲ್ಲಿ ಮಾತಿಲ್ಲದೆ ತೋರಿಸುವುದು ಅವಳಿಗೆ ರೂಢಿಯಾಗಿತ್ತು.

ನಾನು ಹಕ್ಕಿ ನೋಡುತ್ತಾ ಮೈಮರೆತಿರಬೇಕು. ತಿರುಗಿದರೆ ಪಕ್ಕದಲ್ಲಿ ಅವಳಿಲ್ಲ. ಹತ್ತು ಹೆಜ್ಜೆ ದೂರ, ಕಬ್ಬಿಣದ ಬೇಲಿಯ ಕೊನೆಯಲ್ಲಿ, ಜನರಿಗೆ ಬೆನ್ನು ಮಾಡಿ, ನೀರಿಗೆ ಮುಖ ಮಾಡಿ ನಿಂತಿದ್ದಳು. ಹತ್ತಿರ ಹೋದೆ. ಓರೆಯಿಂದ ಅವಳ ಮುಖ ಕಂಡಿತು. ತುಟಿ ಅಲುಗುತ್ತಿತ್ತು. ಕತ್ತಿನ ನರ ಬಿಗಿದು ಸಡಿಲಾಗುತ್ತಿತ್ತು. ಅವಳು ಮಾತಾಡುತ್ತಿದ್ದಳು.

ಒಂದಕ್ಷರವೂ ಕೇಳಿಸಲಿಲ್ಲ. ಅವಳಿಗೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಅವಳು ಮನೆಯಲ್ಲಿ ಬಾಯಿ ತೆರೆಯದೆ, ಇಷ್ಟು ದೂರ ಬಂದು, ಇಷ್ಟು ಮೆಟ್ಟಿಲು ಇಳಿದದ್ದು. ದನಿ ಬಾರದೇ ಹೋದರೆ ಯಾರಿಗೂ ಗೊತ್ತಾಗದ ಒಂದೇ ಜಾಗ ಇದು. ತನಗೂ ಗೊತ್ತಾಗದ ಜಾಗ.

ಅವಳು ನನ್ನನ್ನು ನೋಡಿ ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಬಾಯಿ ಮುಚ್ಚಿಕೊಂಡಳು. ನಾನು ಬಿಡಲಿಲ್ಲ. ನಾಲ್ಕು ಜನರೆದುರು ಹೆಂಡತಿಯ ಭುಜ ಮುಟ್ಟಲೂ ನಾಚುವವನು, ಅವಳ ಕತ್ತಿನ ಮೇಲೆ ಅಂಗೈ ಇಟ್ಟೆ. ಹೇಳು, ಎಂದು ಕಣ್ಣಲ್ಲೇ ಹೇಳಿದೆ. ಅವಳು ಮತ್ತೆ ನೀರಿಗೆ ಮುಖ ತಿರುಗಿಸಿದಳು. ಆಮೇಲೆ ತುಟಿ ಅಲುಗಿತು. ಅಂಗೈಯಡಿ ಏನೋ ಸಣ್ಣಗೆ ನಡುಗಿತು. ನಿಂತಿತು. ಮತ್ತೆ ನಡುಗಿತು.

ಇದೆ! ಎಂದು ಕಿರುಚಿದೆ. ಕೇಳಿಸದಿದ್ದರೂ ಅವಳಿಗೆ ತಿಳಿಯಿತು. ನನ್ನ ಕೈಯನ್ನು ಸರಿಸಿ ತನ್ನದೇ ಕೈಯನ್ನು ಅಲ್ಲಿಟ್ಟುಕೊಂಡು, ಇನ್ನೊಮ್ಮೆ ಏನೋ ಹೇಳಿ ನೋಡಿಕೊಂಡಳು. ಇಬ್ಬರೂ ಅತ್ತೆವು. ನೀರಿನ ತುಂತುರಿಗೆ ಎಲ್ಲರ ಮುಖವೂ ಒದ್ದೆಯಾಗಿತ್ತು, ಹಾಗಾಗಿ ಯಾರೂ ಗಮನಿಸಲಿಲ್ಲ.

ಕೊಡೆ ಎತ್ತಿದೆ, ಜನ ಹೊರಟರು. ಅವರನ್ನು ಮುಂದೆ ಬಿಟ್ಟು ನಾವು ಮೆಲ್ಲಗೆ ಹತ್ತಿದೆವು. ತಿರುವಿನಲ್ಲಿ ಅವಳಿಗೆ ಉಸಿರು ಕಟ್ಟಿ ಬೆಂಚಿನ ಒಂದು ತುದಿಯಲ್ಲಿ ಕೂತಳು, ನಾನು ಇನ್ನೊಂದು ತುದಿಯಲ್ಲಿ. ಸದ್ದು ಗುಡ್ಡದ ಆಚೆಗೆ ಉಳಿದಿತ್ತು. ಇಲ್ಲಿ ಮಾತಾಡಿದರೆ ಕೇಳಿಸುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅವಳು ಬಾಯಿ ಬಿಗಿದು ಮೆಟ್ಟಿಲು ನೋಡುತ್ತಿದ್ದಳು. ಕೊನೆಗೆ ನಾನೇ ಬಾಯಿಬಿಟ್ಟೆ.

"ಹಾರ್ನ್ ಕೆಳಗೆ ಕೇಳಿಸಲ್ಲ. ನಂಗೆ ಗೊತ್ತಾಯ್ತು."

ಅವಳು ತಲೆ ಎತ್ತಲಿಲ್ಲ.

"ದಿನಾ ನಾನು ಮೇಲೆ ಕೂತು ಜಂಬ ಕೊಚ್ಕೊಳ್ತಿದ್ದೆ. ನೀನು ಕೆಳಗೆ ಗಂಟಲು ಹರ್ಕೊಳ್ತಿದ್ದೆ. ನಿನ್ನ ದನಿ ಹಾಳಾಗಿದ್ದು ನನ್ನಿಂದ." ಕೊಡೆಯ ತುದಿಯಿಂದ ಮೆಟ್ಟಿಲು ಕುಟ್ಟಿದೆ. "ಒಂದು ಸಲ ಹೇಳಬಾರದಿತ್ತಾ? ನಿಮ್ಮ ಹಾರ್ನೂ ಬೇಡ ನೀವೂ ಬೇಡ, ಕೆಳಗೆ ಬಂದು ನೋಡಿ ಅಂತ ಒಂದು ಸಲ ಬೈಯಬಾರದಿತ್ತಾ? ಯಾಕೆ ಹೇಳ್ಲಿಲ್ಲ?"

ಸ್ಲೇಟು ಬಸ್ಸಿನಲ್ಲೇ ಉಳಿದಿತ್ತು. ಅವಳು ಒಮ್ಮೆ ನನ್ನನ್ನು ನೋಡಿದಳು, ಉಗುಳು ನುಂಗಿದಳು, ಕತ್ತಿನ ಮೇಲೆ ಕೈ ಇಟ್ಟುಕೊಂಡಳು.

"ನೀವು," ಎಂದಳು. ನಿಲ್ಲಿಸಿದಳು. "ನೋಡಿದ್ಯಾ ಅಂತ ಅಷ್ಟು ಖುಷಿಯಾಗಿ ಕೇಳ್ತಿದ್ರಿ."

ಅದು ನಾನು ಬಲ್ಲ ದನಿಯಾಗಿರಲಿಲ್ಲ. ಒಣಗಿದ ಎಲೆ ನೆಲದ ಮೇಲೆ ಸರಿದಂತೆ, ಒಂದು ಮಾತಿನ ನಡುವೆ ಎರಡು ಕಡೆ ಹರಿದ ದನಿ. ಬಸ್ಸಿನ ಕೊನೆಯ ಸೀಟಿಗೆ ಅದು ಮೈಕಿನಲ್ಲೂ ಮುಟ್ಟುವುದಿಲ್ಲ. ಅವಳೂ ಅದನ್ನು ಮೊದಲ ಸಲ ಕೇಳುತ್ತಿದ್ದಳು. ಅವಳ ಮುಖ ಸಣ್ಣದಾಯಿತು.

"ಇಷ್ಟೇ," ಎಂದಳು. "ಇಷ್ಟೇ ಬರೋದು."

ಮುಂದಿನ ಮಾತು ಅರ್ಧಕ್ಕೆ ಗಾಳಿಯಾಗಿ ಹೋಯಿತು. ಏನೆಂದು ತಿಳಿಯಲಿಲ್ಲ. ಅವಳು ಮತ್ತೆ ಜೋರಾಗಿ ಹೇಳಲು ಉಸಿರೆಳೆದುಕೊಂಡಳು. ನಾನು ಬೇಡವೆಂದು ಕೈ ಅಡ್ಡ ಮಾಡಿ, ಎದ್ದು, ಬೆಂಚಿನ ಅವಳ ತುದಿಗೆ ಹೋಗಿ ಭುಜಕ್ಕೆ ಭುಜ ತಾಗಿಸಿ ಕೂತೆ. ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದೆ.

"ಈಗ ಹೇಳು," ಎಂದೆ.